ಮಾಹೆಯ ಬಂದರೂ ದಿಂಡಿಗಲ್ಲಿನ ದುರ್ಗವೂ

1755ರಲ್ಲಿ ಮೈಸೂರಿನ ಫೌಜುದಾರನಾಗಿ ದಿಂಡಿಗಲ್ಲಿಗೆ ಬಂದ ಹೈದರಾಲಿಯು, ಬೋಳುಬಂಡೆಯ ಮೇಲಣ ಆ ದುರ್ಗದ ಆಶ್ರಯದಲ್ಲಿ ಫ್ರೆಂಚ್ ಕುಶಲಿಗಳ ನೆರವಿನಿಂದ ಆಯುಧಶಾಲೆಯನ್ನು ಸ್ಥಾಪಿಸಿದಂದೇ, ಆತನ ಭಾಗ್ಯವು ದೂರದ ಕಡಲಿನೊಡನೆ ಬೆಸೆದುಕೊಂಡಿತೆಂದು ನನ್ನ ಭಾವನೆ. ಮುಂದೆ ಆತನ ಸೈನ್ಯಕ್ಕೆ ಫ್ರೆಂಚರ ಶಸ್ತ್ರಾಸ್ತ್ರಗಳು ಬಂದಿಳಿಯುತ್ತಿದ್ದುದು ಮಲೆಯಾಳದ ಕರಾವಳಿಯ ಮಾಹೆಯೆಂಬ ಕಿರುಬಂದರಿನಲ್ಲಿ. ಯೂರೋಪಿನಲ್ಲಿ ಫ್ರೆಂಚರೊಡನೆ ಯುದ್ಧವು ಮೊದಲಾಗಲು, ಆ ಬಂದರು ತನ್ನ ರಕ್ಷಣೆಗೊಳಪಟ್ಟುದೆಂದು ಹೈದರನು ಸಾರಿದ್ದರೂ ಲೆಕ್ಕಿಸದೆ ಇಂಗ್ಲಿಷರು 1779ರ ಮಾರ್ಚಿಯಲ್ಲಿ ಅದನ್ನು ಕೈವಶಮಾಡಿಕೊಂಡರು. ಇಂಗ್ಲಿಷರೊಡನೆ ಮಾಡಿಕೊಂಡ 1769ರ ಒಪ್ಪಂದದ ಮೇರೆಗೆ ಮರಾಠರ ವಿರುದ್ಧ ಬರಬೇಕಾಗಿದ್ದ ಸಹಾಯವು ಬಾರದುದರಿಂದ ಮೊದಲೇ ಕುದಿಯುತ್ತಿದ್ದ ಅವನ ಮನಸ್ಸಿಗೆ ಇದು ಸಹಿಸಲಾಗದ ಅವಮಾನವಾಯಿತು; 1780ರ ಜುಲೈಯಲ್ಲಿ ಮೈಸೂರಿನ ಸೇನೆ ಘಟ್ಟವಿಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸನ ನೌಕಾಬಲವು ಮಂಗಳೂರಿನಲ್ಲಿ ಹೈದರನ ಹಡಗುಗಳನ್ನು ನಾಶಗೊಳಿಸಿತು.

ಕಡಲಂಚಿನಲ್ಲಿ ಹೊತ್ತಿದ ಆ ಕಿಚ್ಚು ಒಳನಾಡಿನ ದಿಂಡಿಗಲ್ಲನ್ನೂ ಬಿಡಲಿಲ್ಲ. 1783ರಲ್ಲಿ ಇಂಗ್ಲಿಷರ ಪಾಲಾದ ದುರ್ಗವು 1784ರ ಮಂಗಳೂರು ಒಪ್ಪಂದದಿಂದ ಹೈದರನ ಮಗ ಟಿಪ್ಪುವಿಗೆ ಮರಳಿತು. 1790ರಲ್ಲಿ ಮತ್ತೆ ಬಿದ್ದು, 1792ರ ಶ್ರೀರಂಗಪಟ್ಟಣದ ಸಂಧಿಯಿಂದ ಶಾಶ್ವತವಾಗಿ ಕೈತಪ್ಪಿತು. ಇಂದಿಗೂ ಮನೆಮಾತು ಕನ್ನಡವಾಗಿರುವ ಒಕ್ಕಲಿಗ ಕುಟುಂಬಗಳುಳ್ಳ, ದಿಂಡಿಗಲ್ಲಿನ ಸಮೀಪದ ಕಂಬಂ ಕಣಿವೆಯ ಸೀಮೆಯು ಹೀಗೆ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಹತ್ತಿರಕ್ಕೆ ಬಂದುದನ್ನು ನಮ್ಮ ಚರಿತ್ರಕಾರರು ಇನ್ನಷ್ಟು ವಿಸ್ತಾರವಾಗಿ ಬರೆಯಬೇಕಾಗಿದೆ.