ಅಗ್ಗದ ಓಪನ್-ಬ್ಯಾಕ್ ಹೆಡ್‌ಫೋನ್‌ಗಳ ಚರಿತ್ರೆ

ಧ್ವನಿ ಹೊಮ್ಮಿಸುವ ಪರದೆಯ ಹಿಂಬದಿಯನ್ನು ಮುಚ್ಚದೆ, ಜಾಲರಿಯ ಮೂಲಕ ಗಾಳಿಯಾಡಲು ಬಿಟ್ಟ ಹೆಡ್‌ಫೋನಿಗೆ ಓಪನ್-ಬ್ಯಾಕ್ ಎನ್ನುತ್ತಾರೆ. ಇಂದು ಅದು ದುಬಾರಿ ಹವ್ಯಾಸದ ಸಾಮಗ್ರಿ ಎಂದು ಹೆಸರಾಗಿದೆ. ಆದರೆ ಅದು ಜನರ ನಡುವೆ ಹರಡಿದ್ದು ಹಗುರವಾದ, ಕೈಗೆಟುಕುವ ವಸ್ತುವಾಗಿ. ಯಾವ ಸಂಗೀತಕ್ಕೆ ಅದು ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ ಎಂಬುದು ಬಹುಮಟ್ಟಿಗೆ ಅದು ಹುಟ್ಟಿದ ಕಾಲದಲ್ಲೇ ನಿರ್ಧಾರವಾಗಿತ್ತು.

ಮೊದಲ ಹೆಡ್‌ಫೋನ್‌ಗಳಿಗೂ ಸಂಗೀತಕ್ಕೂ ಹೆಚ್ಚಿನ ನಂಟಿರಲಿಲ್ಲ. ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ 1910ರ ಹೊತ್ತಿಗೆ ತಯಾರಿಸಿದ ಹೆಡ್‌ಫೋನನ್ನು ಕೊಂಡದ್ದು ಆ ದೇಶದ ನೌಕಾಪಡೆ. ಸದ್ದುಗದ್ದಲದ ನಡುವೆ ಕ್ಷೀಣ ಸಂಕೇತವನ್ನು ಕೇಳಿಸಿಕೊಳ್ಳಬೇಕಾದವರಿಗೆ ಕಿವಿ ಮುಚ್ಚುವುದೇ ದೊಡ್ಡ ಅನುಕೂಲ. ಬರ್ಲಿನ್ನಿನಲ್ಲಿ ಆಯ್ಗೆನ್ ಬೇಯರ್ ಅವರ ಕಂಪನಿ 1937ರಲ್ಲಿ ತಂದ ಡಿಟಿ 48 ಕೂಡ ಮುಚ್ಚಿದ ಮಾದರಿಯದೇ. ಸಂಗೀತಕ್ಕೆಂದೇ ಹೆಡ್‌ಫೋನ್ ಮಾರುವ ಯೋಚನೆ ಗಟ್ಟಿಯಾದದ್ದು 1958ರಲ್ಲಿ. ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದ ಅದೇ ವರ್ಷ ಮಿಲ್ವಾಕಿಯ ಜಾನ್ ಕಾಸ್ ತಮ್ಮ ಸ್ಟೀರಿಯೊಫೋನನ್ನು ಪರಿಚಯಿಸಿದರು. ಮುಂದಿನ ಹತ್ತು ವರ್ಷ ಸಂಗೀತಪ್ರಿಯರು ಹೊತ್ತದ್ದು ಕಿವಿ ಬೆವರಿಸುವ, ತಲೆ ಬಿಗಿಯುವ ಭಾರದ ಬಟ್ಟಲುಗಳನ್ನೇ.

ಜರ್ಮನಿಯ ಹ್ಯಾನೋವರ್ ಬಳಿಯ ಹಳ್ಳಿ ವೆನ್ನೆಬೋಸ್ಟೆಲ್‌ನಲ್ಲಿ ಫ್ರಿಟ್ಸ್ ಸೆನ್‌ಹೈಸರ್ 1945ರಲ್ಲಿ ಆರಂಭಿಸಿದ ಪ್ರಯೋಗಾಲಯ 1968ರಲ್ಲಿ ಎಚ್‌ಡಿ 414 ಎಂಬ ಹೆಡ್‌ಫೋನನ್ನು ಹೊರತಂದಿತು. ತೆಳ್ಳಗಿನ ಪ್ಲಾಸ್ಟಿಕ್ ಚೌಕಟ್ಟು, ರಂಧ್ರಗಳಿದ್ದ ಹಿಂಬದಿ, ಕಿವಿಯ ಮೇಲೆ ಸುಮ್ಮನೆ ಕೂರುವ ಫೋಮ್. ಹಳದಿ ಬಣ್ಣದ ಆ ಫೋಮ್ ಮುಂದೆ ಅದರ ಗುರುತೇ ಆಯಿತು. ಕಂಪನಿಯ ಲೆಕ್ಕದಂತೆ ಒಂದು ಕೋಟಿಗೂ ಹೆಚ್ಚು ಮಾರಾಟವಾದ ಈ ಹೆಡ್‌ಫೋನ್ ಓಪನ್-ಬ್ಯಾಕ್ ವಿನ್ಯಾಸವನ್ನು ಮನೆಮನೆಗೆ ಮುಟ್ಟಿಸಿತು. ಜಪಾನಿನ ಸ್ಟ್ಯಾಕ್ಸ್ ಕಂಪನಿ ಸ್ಥಾಯಿವಿದ್ಯುತ್ ತತ್ತ್ವದ ಹೆಡ್‌ಫೋನನ್ನು 1960ರಲ್ಲೇ ಮಾರಾಟಕ್ಕಿಟ್ಟಿತ್ತು. ಆದರೆ ಅದಕ್ಕೆ ಪ್ರತ್ಯೇಕ ವಿದ್ಯುತ್ ಸಾಧನ ಬೇಕಿತ್ತು. ಸಾಮಾನ್ಯ ಕೇಳುಗರ ಪಾಲಿಗೆ ಅದು ದೂರದ ಮಾತು.

ಈ ವಿನ್ಯಾಸದ ಗುಣವೂ ದೋಷವೂ ಒಂದೇ ಕಾರಣದಿಂದ ಬರುತ್ತವೆ. ಕಂಪಿಸುವ ಪರದೆ ಮುಂದಕ್ಕೆ ಎಷ್ಟು ಧ್ವನಿ ಕಳಿಸುತ್ತದೋ ಹಿಂದಕ್ಕೂ ಅಷ್ಟೇ ಕಳಿಸುತ್ತದೆ. ಮುಚ್ಚಿದ ಬಟ್ಟಲಿನಲ್ಲಿ ಆ ಹಿಂದಿನ ಅಲೆ ಗೋಡೆಗೆ ಬಡಿದು ಮರಳಿ ಬಂದು ಮಧ್ಯದ ಸ್ವರಗಳನ್ನು ಕಲಕುತ್ತದೆ. ಅದನ್ನು ಹೀರಿಕೊಳ್ಳುವಂಥ ಒಳವಿನ್ಯಾಸಕ್ಕೆ ಹಣ ಬೇಕು. ಬೆನ್ನು ತೆರೆದಿಟ್ಟರೆ ಅಲೆ ತಾನಾಗಿಯೇ ಹೊರಗೆ ಹೋಗುತ್ತದೆ. ಹಾಗಾಗಿ ಬೆಲೆ ಇಳಿದಷ್ಟೂ ಓಪನ್-ಬ್ಯಾಕ್‌ನ ಲಾಭ ಎದ್ದು ಕಾಣುತ್ತದೆ. ನಷ್ಟವಾಗುವುದು ಮಂದ್ರದಲ್ಲಿ. ತೀರ ಕೆಳಗಿನ ಸ್ವರಗಳ ಮುಂದಿನ ಅಲೆಯೂ ಹಿಂದಿನ ಅಲೆಯೂ ಎದುರುಬದುರಾಗಿ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ.

1968ರಲ್ಲಿ ಈ ಕೊರತೆ ಯಾರನ್ನೂ ಅಷ್ಟಾಗಿ ಕಾಡಲಿಲ್ಲ. ಸ್ಟೀರಿಯೊ ಎಲ್‌ಪಿ ತಟ್ಟೆಯ ಗೆರೆಯಲ್ಲಿ ಆಳವಾದ ಮಂದ್ರವನ್ನು ಜೋರಾಗಿ ಕೆತ್ತಿದರೆ ಸೂಜಿ ಹಾರುತ್ತಿತ್ತು, ಜಾಗವೂ ಸಾಲುತ್ತಿರಲಿಲ್ಲ. ಆದ್ದರಿಂದ ತಟ್ಟೆ ಕೆತ್ತುವವರು ಅದನ್ನು ಹತೋಟಿಯಲ್ಲಿಡುತ್ತಿದ್ದರು. ಡಬಲ್ ಬೇಸ್ ಮತ್ತು ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್‌ನದು. ಆ ಮೂಲಸ್ವರ ಕ್ಷೀಣಿಸಿದರೂ ಅದರ ಉಪಸ್ವರಗಳು 82, 123 ಹರ್ಟ್ಸ್‌ನಲ್ಲಿ ಮೊಳಗುತ್ತಲೇ ಇರುತ್ತವೆ. ಅವುಗಳ ಆಧಾರದಿಂದ ಕೇಳುಗರ ಮಿದುಳು ಮೂಲಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ವಾದ್ಯವೃಂದ, ಜಾಝ್, ಅಂದಿನ ರಾಕ್ ಮೂರಕ್ಕೂ ಈ ಹೆಡ್‌ಫೋನ್ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ದೊಡ್ಡ ಅಪವಾದವೆಂದರೆ ಚರ್ಚುಗಳ ಪೈಪ್ ಆರ್ಗನ್. ಅದರ 32 ಅಡಿಯ ಕೊಳವೆ 16 ಹರ್ಟ್ಸ್‌ವರೆಗೆ ಇಳಿಯುತ್ತದೆ.

ಹಗುರತನದ ದಾರಿಯನ್ನು ಜಪಾನ್ ಇನ್ನಷ್ಟು ಮುಂದಕ್ಕೆ ಒಯ್ದಿತು. 1979ರ ಜುಲೈ 1ರಂದು ಸೋನಿ ಬಿಡುಗಡೆ ಮಾಡಿದ ವಾಕ್‌ಮನ್ ಜೊತೆಗಿದ್ದ ಫೋಮ್ ಹೆಡ್‌ಫೋನ್ 50 ಗ್ರಾಂ ಆಸುಪಾಸಿನದು, ಅದೂ ತೆರೆದ ಮಾದರಿಯದೇ. 1984ರಲ್ಲಿ ಕಾಸ್ ಕಂಪನಿಯ ಪೋರ್ಟಾ ಪ್ರೊ ಬಂತು. ಮಡಚುವ ಈ ಪುಟ್ಟ ಹೆಡ್‌ಫೋನ್ ಮೇಲ್ಮಂದ್ರವನ್ನು ಉದ್ದೇಶಪೂರ್ವಕವಾಗಿ ಉಬ್ಬಿಸಿ ಆಳದ ಕೊರತೆಯನ್ನು ಮರೆಸಿತು. ಪಾಪ್, ಫಂಕ್ ಹಾಡುಗಳಲ್ಲಿ ಆ ಬೆಚ್ಚಗಿನ ಧ್ವನಿ ಹಿತವೆನಿಸುತ್ತದೆ. ಅದು ಇಂದಿಗೂ ಹೆಚ್ಚು ಬದಲಾಗದೆ ತಯಾರಾಗುತ್ತಿದೆ.

ಅದೇ ದಶಕದಲ್ಲಿ ಸಂಗೀತದ ತಳವೇ ಬದಲಾಯಿತು. ರೋಲ್ಯಾಂಡ್ ಕಂಪನಿಯ ಟಿಆರ್-808 ತಾಳಯಂತ್ರ 1980ರಲ್ಲಿ ಬಂತು. ಅದರ ಬೇಸ್ ಡ್ರಮ್ ಸದ್ದು 50 ಹರ್ಟ್ಸ್ ಸುತ್ತಮುತ್ತಲ, ಉಪಸ್ವರ ತೀರ ಕಡಿಮೆಯಿರುವ ನಾದ. ಹಿಪ್-ಹಾಪ್ ಮತ್ತು ನೃತ್ಯಸಂಗೀತ ಅದರ ಮೇಲೆಯೇ ನಿಂತವು. 1982ರಲ್ಲಿ ಬಂದ ಸಿ.ಡಿ.ಗೆ ಸೂಜಿಯ ಕಟ್ಟುಪಾಡೂ ಇರಲಿಲ್ಲ. ಡಬಲ್ ಬೇಸ್‌ನ ಮೂಲಸ್ವರ ಹೋದರೆ ಉಪಸ್ವರ ಉಳಿಯುತ್ತದೆ. 808ರ ನಾದ ಹೋದರೆ ಉಳಿಯುವುದು ಬರೀ ಬಡಿತ. ಅಗ್ಗದ ಓಪನ್-ಬ್ಯಾಕ್ ಈ ಪ್ರಕಾರಗಳಿಗೆ ಸಾಲದೆಂಬ ದೂರಿನ ತಿರುಳು ಇದೇ, ಮತ್ತು ಅದು ನ್ಯಾಯವಾದ ದೂರು.

ರಾಕ್ ಕೇಳುಗರಿಗೆ ಮಾತ್ರ ಬೇರೆ ಭಾಗ್ಯವಿತ್ತು. ಬ್ರೂಕ್ಲಿನ್‌ನಲ್ಲಿ ಜೋಸೆಫ್ ಗ್ರಾಡೊ 1953ರಲ್ಲಿ ಸ್ಥಾಪಿಸಿದ, ಮೂಲತಃ ಗ್ರಾಮಫೋನ್ ಕಾರ್ಟ್ರಿಜ್ ತಯಾರಿಸುತ್ತಿದ್ದ ಕುಟುಂಬದ ಕಂಪನಿ 1990ರ ದಶಕದಲ್ಲಿ ಎಸ್‌ಆರ್ 60 ಮಾದರಿಯನ್ನು 69 ಡಾಲರಿಗೆ ಮಾರತೊಡಗಿತು. ವಿದ್ಯುತ್ ತಡೆ ಬರೀ 32 ಓಮ್ ಆದ್ದರಿಂದ ಅದನ್ನು ಯಾವ ಸಾಮಾನ್ಯ ಪ್ಲೇಯರಿಗಾದರೂ ಸಿಕ್ಕಿಸಬಹುದಿತ್ತು. ಕಿವಿಗೆ ತೀರ ಹತ್ತಿರ ಕೂರುವ ಅದು 2 ಕಿಲೋಹರ್ಟ್ಸ್ ಸುತ್ತಲಿನ ಸ್ವರಗಳನ್ನು ಮುಂದಕ್ಕೆ ತಳ್ಳುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಕಚ್ಚುವ ಗುಣ ಇರುವುದು ಅಲ್ಲೇ. ಆದರೆ ಅದೇ ಉಬ್ಬು ತಾರಸ್ಥಾಯಿಯ ಪಿಟೀಲನ್ನು ಚುರುಕೆನಿಸುವಷ್ಟು ಹರಿತಗೊಳಿಸುತ್ತದೆ. ಇಡೀ ವಾದ್ಯವೃಂದ ಇಕ್ಕಟ್ಟಾದ ಕೋಣೆಯಲ್ಲಿ ಕೂತಂತೆ ಕೇಳುತ್ತದೆ.

ಸ್ಟುಡಿಯೊಗಳಿಂದ ಬಂದದ್ದು ಇನ್ನೊಂದು ಧಾರೆ. ವಿಯೆನ್ನಾದ ಎಕೆಜಿ 1975ರಲ್ಲಿ ತಂದ ಅರೆತೆರೆದ ಕೆ240, ಬೇಯರ್‌ಡೈನಾಮಿಕ್ 1985ರಲ್ಲಿ ತಂದ ಡಿಟಿ 990 ಇವೆರಡೂ ಆರಂಭದಲ್ಲಿ 600 ಓಮ್‌ನವು. ತಕ್ಕ ಆಂಪ್ಲಿಫೈಯರ್ ಇಲ್ಲದೆ ಬಾಯಿ ಬಿಡುತ್ತಿರಲಿಲ್ಲ. ಧ್ವನಿ ಹೊರಗೆ ಸೋರಿ ಗಾಯಕರ ಮೈಕಿಗೆ ಸೇರುವುದರಿಂದ ಹಾಡುವಾಗ ಮುಚ್ಚಿದ್ದು, ಮಿಕ್ಸಿಂಗ್ ಮಾಡುವಾಗ ತೆರೆದದ್ದು ಎಂಬ ರೂಢಿ ಬೆಳೆಯಿತು. ಮುಂದೆ ಕಡಿಮೆ ಓಮ್‌ನ ಆವೃತ್ತಿಗಳು ಬಂದು ಮನೆಯ ಕೇಳುಗರಿಗೂ ಇವು ಒದಗಿದವು.

ಭಾರತೀಯ ಶಾಸ್ತ್ರೀಯ ಸಂಗೀತಕ್ಕೆ ಈ ಹೆಡ್‌ಫೋನ್ ಸಹಜವಾಗಿ ಹೊಂದುತ್ತದೆ. ಗಾಯಕರ ಕಂಠ, ವೀಣೆಯ ಗಮಕ, ತಂಬೂರಿಯ ಜೀವಾಳದಿಂದ ಏಳುವ ಉಪಸ್ವರಗಳ ಸಾಲು, ಎಲ್ಲವೂ ಅದು ಚೆನ್ನಾಗಿ ನುಡಿಸುವ ಮಧ್ಯ ಮತ್ತು ಮೇಲಿನ ಸ್ತರಗಳಲ್ಲೇ ಇವೆ. ಕಛೇರಿಯ ಧ್ವನಿಮುದ್ರಣದಲ್ಲಿ ಸಭಾಂಗಣದ ಅನುರಣನವೂ ಮುಚ್ಚಿದ ಹೆಡ್‌ಫೋನಿಗಿಂತ ನಿರಾಳವಾಗಿ ಕೇಳುತ್ತದೆ. ಹಳೆಯ ಮುದ್ರಣಗಳ ಮಾತು ಬೇರೆ. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನಸೂರರು ಎಚ್‌ಎಂವಿಗಾಗಿ ಹಾಡಿದ ತಟ್ಟೆಗಳು ಮೊನೊ; ಅಲ್ಲಿ ಓಪನ್-ಬ್ಯಾಕ್‌ನ ವಿಶಾಲತೆಗೆ ಹೆಚ್ಚು ಕೆಲಸವಿಲ್ಲ. ಹರಿತವಾದ ಹೆಡ್‌ಫೋನಿನಲ್ಲಿ ಸೂಜಿಯ ಕರಕರ ಸದ್ದೇ ಕಂಠವನ್ನು ಮೀರುವುದರಿಂದ, ಮೇಲಿನ ಸ್ವರಗಳು ಮೃದುವಾಗಿರುವ ಮಾದರಿಯೇ ಅವುಗಳಿಗೆ ಲೇಸು.

ಇಪ್ಪತ್ತೊಂದನೆಯ ಶತಮಾನದಲ್ಲಿ ತೈವಾನಿನ ಸೂಪರ್‌ಲಕ್ಸ್ ಕೆ240ನ ರೂಪವನ್ನೇ ಹೋಲುವ ಎಚ್‌ಡಿ 681 ಮಾದರಿಯನ್ನು ಅದಕ್ಕಿಂತ ಬಹಳ ಅಗ್ಗಕ್ಕೆ ಕೊಟ್ಟಿತು. ಫಿಲಿಪ್ಸ್‌ನ ಎಸ್‌ಎಚ್‌ಪಿ 9500 ತಲೆಗೆ ಭಾರವೆನಿಸದೆ ದೀರ್ಘ ಕಛೇರಿಗಳನ್ನು ಕೇಳಿಸಿತು, ಆಳದ ಮಂದ್ರವನ್ನು ಮಾತ್ರ ಕೊಡಲಿಲ್ಲ. ಆ ಕೊರತೆಗೆ ಉತ್ತರ ಸಿಕ್ಕಿದ್ದು ಅಗಲವಾದ ತೆಳು ಪೊರೆಯನ್ನು ಅಯಸ್ಕಾಂತಗಳ ಸಾಲಿನೆದುರು ಕಂಪಿಸುವಂತೆ ಮಾಡುವ ಪ್ಲೇನಾರ್ ತಂತ್ರದಲ್ಲಿ. ಯಮಹಾ 1976ರಲ್ಲೇ ಇದೇ ಬಗೆಯ ಹೆಡ್‌ಫೋನನ್ನು ಮಾರಿತ್ತು. ಹೈಫೈಮನ್ 2021ರಲ್ಲಿ ಎಚ್‌ಇ400ಎಸ್‌ಇ ಮಾದರಿಯನ್ನು 149 ಡಾಲರಿಗೆ ತಂದಾಗ, ತೆರೆದ ಬೆನ್ನಿನಲ್ಲೂ 808ರ ನಾದ ತಕ್ಕಮಟ್ಟಿಗೆ ಉಳಿಯುವ ಹೆಡ್‌ಫೋನ್ ಸಾಮಾನ್ಯ ಬೆಲೆಗೆ ಸಿಕ್ಕಂತಾಯಿತು. ಆದರೆ ಅದರ ಸಂವೇದನೆ ಕಡಿಮೆ. ಮೊಬೈಲಿಗೆ ನೇರ ಸಿಕ್ಕಿಸಿದರೆ ಧ್ವನಿ ಸಾಲದೆ ಬರುತ್ತದೆ, ಜೊತೆಗೊಂದು ಆಂಪ್ಲಿಫೈಯರಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.