ಬೇಗೂರಿನ ಶಾಸನವೂ ಜರ್ಮನ್ ಭಾಷಾ ಸಂಘದ ವ್ಯಾಸಂಗವೂ

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರು ಚರಿತ್ರೆಯ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಊರಲ್ಲ. ಅಲ್ಲಿಯ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 900ರ ವೀರಗಲ್ಲು ಬೆಂಗಳೂರಿನ ಕಾಳೆಗವನ್ನು ಹೆಸರಿಸುವುದರಿಂದ ಪ್ರಸಿದ್ಧವಾಗಿದೆ. ಇದೇ ಊರಿನ ಮತ್ತೊಂದು ವೀರಗಲ್ಲು ಗಂಗರ ಎರೆಯಪ್ಪನ ಕಾಲದ್ದು. ತುಂಬೆಪಾಡಿಯಲ್ಲಿ ಮಡಿದ ನಾಗತ್ತರನ ಸಂಗತಿಯನ್ನೂ ಇರುಗನಿಗೆ ದೊರೆತ ಬೆಂಪೂರು ಹನ್ನೆರಡರ ವಿವರವನ್ನೂ ಅದು ತಿಳಿಸುತ್ತದೆ. ಇದನ್ನು ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿ ಪ್ರಕಟಿಸಿದವರು ಆಂಗ್ಲರಾದ ಫ್ಲೀಟರು. ಆದರೆ ಆ ಸಂಪುಟದ ಸಂಪಾದಕರಾಗಿದ್ದ ಹುಲ್ಟ್ಸರು ಜರ್ಮನರು. 1857ರಲ್ಲಿ ಡ್ರೆಸ್ಡೆನ್ನಿನಲ್ಲಿ ಜನಿಸಿದ ಇವರು 1886ರಿಂದ ಮದರಾಸಿನಲ್ಲಿ ಸರ್ಕಾರದ ಶಾಸನತಜ್ಞರಾಗಿದ್ದು, 1903ರಲ್ಲಿ ಹಾಲೆ ವಿಶ್ವವಿದ್ಯಾನಿಲಯಕ್ಕೆ ತೆರಳಿದರು.

ಇಂದು ಬೇಗೂರಿನ ಆಸುಪಾಸಿನಲ್ಲಿ ಜರ್ಮನ್ ಎಂದರೆ ನೆನಪಾಗುವುದು ಶಾಸನವಲ್ಲ, ಉದ್ಯೋಗ. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯು ಆಡುಗೋಡಿಯಲ್ಲಿ ಕಾರ್ಖಾನೆಯನ್ನು ನಡೆಯಿಸಿತು. ಅನಂತರ ಎಲೆಕ್ಟ್ರಾನಿಕ್ ಸಿಟಿ ಬೆಳೆಯಿತು. 1960ರಲ್ಲಿ ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನವು ಪ್ರಾರಂಭವಾದ ಮೇಲೆ ಭಾಷೆಯನ್ನು ಕಲಿಯುವ ಅನುಕೂಲವೂ ಹೆಚ್ಚಿತು. ವಿಶ್ವವಿದ್ಯಾನಿಲಯಗಳ ಜರ್ಮನ್ ಭಾಷಾ ಸಂಘಗಳಲ್ಲಿ ಹಾಡು, ಕಿರುನಾಟಕ, ಚಲನಚಿತ್ರ, ಪರೀಕ್ಷೆಯ ಸಿದ್ಧತೆ ಇವು ವಾಡಿಕೆಯ ಕಾರ್ಯಕ್ರಮಗಳು. ಇವನ್ನು ನಾವು ಹಳಿಯುವುದಿಲ್ಲ; ಹಾಡದೆ ಆಡದೆ ಯಾವ ಭಾಷೆಯೂ ನಾಲಗೆಗೆ ಹತ್ತದು. ಆದರೆ ಕನ್ನಡನಾಡಿನ ಸಂಘವೊಂದು ಓದಬೇಕಾದ, ನಮ್ಮದೇ ಚರಿತ್ರೆಗೆ ಸೇರಿದ ಜರ್ಮನ್ ಬರಹಗಳು ಕಪಾಟಿನಲ್ಲಿಯೇ ಉಳಿಯುತ್ತಿರುವುದು ಸರಿಯೆ?

ಜರ್ಮನರ ಕನ್ನಡ ಸೇವೆ ಎಂದೊಡನೆ ನಾವು ಕಿಟ್ಟೆಲರನ್ನು ಸ್ಮರಿಸುತ್ತೇವೆ. ಅವರ 1894ರ ನಿಘಂಟನ್ನು ಬಳಸಲು ಇಂಗ್ಲಿಷ್ ಸಾಕು, ಜರ್ಮನ್ ಬೇಕಿಲ್ಲ. ಅವರಿಗಿಂತ ಹಿಂದಿನವರ ಮಾತು ಬೇರೆ. ಬಾಸೆಲ್ ಮಿಷನ್ನಿನ ವೈಗ್ಲೆಯವರು ಕನ್ನಡ ಭಾಷೆ ಸಾಹಿತ್ಯಗಳನ್ನು ಕುರಿತು 1848ರಲ್ಲಿಯೇ ಜರ್ಮನ್ ಪ್ರಾಚ್ಯ ಸಂಘದ ಪತ್ರಿಕೆಯಲ್ಲಿ ಪ್ರಬಂಧವನ್ನು ಬರೆದರು. ‘ಮಂಗಳೂರ ಸಮಾಚಾರ’ದ ಮೋಗ್ಲಿಂಗರು ಕನ್ನಡದ ಹಾಡುಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅದೇ ಪತ್ರಿಕೆಯಲ್ಲಿ 1860ರಿಂದ ಪ್ರಕಟಿಸಿದರು. ನಮ್ಮ ಸಾಹಿತ್ಯವನ್ನು ಯೂರೋಪಿನ ವಿದ್ವಾಂಸರು ಯಾವ ರೂಪದಲ್ಲಿ ಮೊದಲು ಕಂಡರೆಂಬುದನ್ನು ಅರಿಯಲು ಇವುಗಳ ಮೂಲವನ್ನೇ ನೋಡಬೇಕು.

ಅರ್ಥಶಾಸ್ತ್ರದ ವೃತ್ತಾಂತವು ಇನ್ನೂ ಬೋಧಪ್ರದವಾದುದು. 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಬೆಳಕಿಗೆ ಬಂದ ಈ ಗ್ರಂಥವನ್ನು ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಅದರ ಕಾಲ ಕರ್ತೃತ್ವಗಳ ವಾದವಾದರೋ ಬಹುಮಟ್ಟಿಗೆ ಜರ್ಮನಿಯಲ್ಲಿ ನಡೆಯಿತು. ಯಾಕೋಬಿಯವರು ಬರ್ಲಿನ್ನಿನ ವಿದ್ವತ್ ಪರಿಷತ್ತಿನ ಪ್ರಕಟಣೆಗಳಲ್ಲಿ 1911ರಿಂದ ಇದು ಚಂದ್ರಗುಪ್ತನ ಮಂತ್ರಿಯದೇ ಕೃತಿಯೆಂಬ ಪಕ್ಷವನ್ನು ಹಿಡಿದರು. ಯೋಲಿಯವರು ಅದನ್ನೊಪ್ಪದೆ ಗ್ರಂಥವನ್ನು ಹಲವು ಶತಮಾನಗಳಷ್ಟು ಈಚೆಗೆ ತಂದರು. ಮೈಯರರ ಬೃಹತ್ತಾದ ಜರ್ಮನ್ ಅನುವಾದವು 1926ರಲ್ಲಿ ಹೊರಬಂದಿತು. ನಮ್ಮ ತರಗತಿಗಳಲ್ಲಿ ಯಾಕೋಬಿ, ಯೋಲಿ ಎಂಬ ಹೆಸರುಗಳೇನೋ ಕೇಳಿಬರುತ್ತವೆ. ಆದರೆ ಅವರ ವಾದದ ಎಳೆಗಳು ಇಂಗ್ಲಿಷ್ ಸಾರಾಂಶಗಳಲ್ಲಿ ಸೋಸಿ ಉಳಿದಷ್ಟೇ. ಮೈಸೂರಿನ ಓಲೆಗರಿಯಿಂದ ಹೊರಟ ವಾದವನ್ನು ಮೈಸೂರಿನವರೇ ಎರವಲು ಕನ್ನಡಕದಲ್ಲಿ ಓದುವುದು ವಿಚಿತ್ರವಲ್ಲವೆ!

ಆದುದರಿಂದ ಸಂಘಗಳು ತಮ್ಮ ಕಾರ್ಯಕ್ರಮದಲ್ಲಿ ವಾರಕ್ಕೊಂದು ಪುಟದಂತೆ ಇಂತಹ ಬರಹಗಳ ಸಾಮೂಹಿಕ ವಾಚನವನ್ನು ಸೇರಿಸಬೇಕೆಂಬುದು ನಮ್ಮ ಸೂಚನೆ. ಚರಿತ್ರೆ, ಕನ್ನಡ, ಸಂಸ್ಕೃತ ವಿಭಾಗಗಳ ಅಧ್ಯಾಪಕರೂ ಅಲ್ಲಿ ಕುಳಿತುಕೊಳ್ಳಲಿ. ವೈಗ್ಲೆಯವರಿಂದ ತೊಡಗುವುದು ಸುಲಭ. ಲೇಖನದ ವಸ್ತುವೇ ಕನ್ನಡವಾದುದರಿಂದ, ಕಲಿಯುವವನಿಗೆ ಅರ್ಧದಷ್ಟು ಅರ್ಥ ಮೊದಲೇ ತಿಳಿದಿರುತ್ತದೆ. ಯಾಕೋಬಿಯವರನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಬಹುದು. ಉಪವಾಕ್ಯಗಳ ಕೊನೆಯವರೆಗೂ ಕ್ರಿಯಾಪದಕ್ಕಾಗಿ ಕಾಯಬೇಕೆಂಬುದು ಜರ್ಮನ್ ಓದುವ ಇಂಗ್ಲಿಷರ ಹಳೆಯ ದೂರು. ಕನ್ನಡಿಗರಿಗೆ ಅದು ಮನೆಯ ರೂಢಿಯೇ ಆಗಿದೆ.