ದಾರಿಗನಿಗೊಂದು ಸೂರು

ಪರವೂರಿಗೆ ಹೊರಟವನಿಗೆ ಹಗಲಿನ ಚಿಂತೆ ಅಷ್ಟಿಲ್ಲ, ರಾತ್ರಿಯದೇ ಚಿಂತೆ. ಬುತ್ತಿಯನ್ನು ಕಟ್ಟಿಕೊಂಡು ಹೋಗಬಹುದು, ಸೂರನ್ನು ಕಟ್ಟಿಕೊಂಡು ಹೋಗಲಾಗದು. ಅದನ್ನು ಇನ್ನೊಬ್ಬರು ಕೊಡಬೇಕು. ಆದ್ದರಿಂದ ಒಂದು ನಾಡು ದಾರಿಗನಿಗೆ ಎಂಥ ಸೂರನ್ನು ಕೊಟ್ಟಿತು, ಯಾರಿಗೆ ಕೊಟ್ಟಿತು, ಯಾರಿಗೆ ಕೊಡಲಿಲ್ಲ ಎಂಬುದನ್ನು ನೋಡಿದರೆ ಆ ನಾಡಿನ ಮನಸ್ಸು ತಿಳಿಯುತ್ತದೆ. ನಗರ ರಸ್ತೆಯ ಅಂಚಿನಲ್ಲಿ, ಮುಳಾ-ಮುಠಾ ನದಿಯ ಬಳಿ ಹಳ್ಳಿಯಾಗಿದ್ದ ನಮ್ಮ ಖರಾಡಿ ಇಂದು ಇಯಾನ್ ಐ.ಟಿ. ಪಾರ್ಕಿನಂಥ ಎತ್ತರದ ಕಟ್ಟಡಗಳ ಊರಾಗಿದೆ. ಬೆಳಗಾವಿ, ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಹುಡುಗ ಹುಡುಗಿಯರು ಚೀಲ ಹೆಗಲಿಗೇರಿಸಿಕೊಂಡು ಇಲ್ಲಿಗೆ ಬಂದು, ಪಿ.ಜಿ. ಎಂಬ ಫಲಕ ಹುಡುಕುತ್ತ ತಿರುಗುವುದನ್ನು ನಾವೆಲ್ಲ ನೋಡುತ್ತೇವೆ. ಈ ಪಿ.ಜಿ.ಗೂ ಒಂದು ವಂಶಾವಳಿ ಉಂಟು. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮಠ ಮತ್ತು ಸತ್ರ

ಕನ್ನಡ ನಾಡಿನಲ್ಲಿ ದಾರಿಗನ ಮೊದಲ ಮನೆ ದೇವಸ್ಥಾನದ ಕೈಸಾಲೆ, ಊರ ಚಾವಡಿ ಮತ್ತು ಮಠ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವಿತ್ತು. ಅಲ್ಲಿಯ 1162ರ ಶಾಸನ ಆ ಮಠದ ವರ್ಣನೆಯನ್ನು ವಿಸ್ತಾರವಾಗಿ ಮಾಡುತ್ತದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ಜತೆಗೆ ದೀನರು, ಅನಾಥರು, ಕುಂಟರು, ಕುರುಡರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ನಾನಾ ದೇಶಗಳಿಂದ ಬಂದ ಭಿಕ್ಷುಗಳು, ಜೈನ ಕ್ಷಪಣಕರು—ಇವರಿಗೆಲ್ಲ ಅನ್ನವಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು. ಕಾಳಾಮುಖ ಶೈವರ ಮಠ ಜೈನ ಸನ್ಯಾಸಿಗೂ ಎಲೆ ಹಾಕುತ್ತಿತ್ತೆಂಬುದು ಗಮನಿಸಬೇಕಾದ ಮಾತು.

ಯೂರೋಪಿನಲ್ಲಿಯೂ ಕಥೆ ಹೀಗೆಯೇ ಆರಂಭವಾಗುತ್ತದೆ. 6ನೆಯ ಶತಮಾನದ ಸಂತ ಬೆನೆಡಿಕ್ಟನು ತನ್ನ ಸನ್ಯಾಸಿಗಳಿಗೆ ಹಾಕಿಕೊಟ್ಟ ನಿಯಮಗಳಲ್ಲಿ, ಮಠಕ್ಕೆ ಬಂದ ಅತಿಥಿಯನ್ನು ಕ್ರಿಸ್ತನೇ ಬಂದನೆಂದು ತಿಳಿದು ಬರಮಾಡಿಕೊಳ್ಳಬೇಕೆಂಬುದು ಒಂದು. ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ, ಹಿಮದಲ್ಲಿ ಸಿಕ್ಕಿ ಸಾಯುವ ಯಾತ್ರಿಕರಿಗಾಗಿ 11ನೆಯ ಶತಮಾನದಲ್ಲಿ ಒಂದು ತಂಗುಮನೆ ಎದ್ದಿತು. ಹಿಮದಲ್ಲಿ ಹೂತವರನ್ನು ಹುಡುಕುವ ದೊಡ್ಡ ನಾಯಿಗಳ ತಳಿಗೆ ಆ ಹೆಸರು ಬಂದದ್ದು ಅಲ್ಲಿಂದಲೇ. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಎಂಬ ಮೂರು ಮಾತುಗಳೂ ಅತಿಥಿ ಎಂಬರ್ಥದ ಒಂದೇ ಲ್ಯಾಟಿನ್ ಬೇರಿನಿಂದ ಹುಟ್ಟಿದವು. ರೋಗಿ, ವಿದ್ಯಾರ್ಥಿ, ಪ್ರಯಾಣಿಕ—ಈ ಮೂವರೂ ಒಂದು ಕಾಲಕ್ಕೆ ಒಂದೇ ಬಾಗಿಲನ್ನು ತಟ್ಟುತ್ತಿದ್ದರು. ಬಳ್ಳಿಗಾವೆಯ ಶಾಸನವೂ ಇದನ್ನೇ ಹೇಳುತ್ತದೆಯಲ್ಲವೆ?

ಮುಂದೆ ಅರಸರು, ಅಧಿಕಾರಿಗಳು, ವರ್ತಕರು ದಾರಿಯ ಬದಿಗೆ ಅರವಟ್ಟಿಗೆ ಇಟ್ಟರು, ಸತ್ರ ಕಟ್ಟಿಸಿದರು. ಉತ್ತರದಲ್ಲಿ ಶೇರ್ ಶಹನ ಸರಾಯಿಗಳು ಹೆಸರಾದವು. 18ನೆಯ ಶತಮಾನದಲ್ಲಿ ಅಹಲ್ಯಾಬಾಯಿ ಹೋಳ್ಕರ್ ಭಾರತದ ನಾನಾ ಕ್ಷೇತ್ರಗಳಲ್ಲಿ ಧರ್ಮಶಾಲೆ, ಘಟ್ಟಗಳನ್ನು ಕಟ್ಟಿಸಿದಳು. ನಮ್ಮ ಚಾವಡಿಯನ್ನೇ ಇಂಗ್ಲಿಷರು ಬಾಯಿ ತಿರುಗದೆ ಚೌಲ್ಟ್ರಿ ಎಂದರು. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಗುಬ್ಬಿಯ ವರ್ತಕ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರ 20ನೆಯ ಶತಮಾನದ ಆರಂಭದಿಂದ ಸಾವಿರಾರು ಮಂದಿಗೆ ನೆರಳಾಯಿತು. ಅದರ ಜತೆಗೆ ವಿದ್ಯಾರ್ಥಿನಿಲಯವೂ ಬೆಳೆಯಿತು. ಈಗ ನಮ್ಮ ಕಡೆ ಛತ್ರವೆಂದರೆ ಮದುವೆಯ ಛತ್ರವೇ ಕಣ್ಣಿಗೆ ಬರುತ್ತದೆ. ಹೆಸರು ಉಳಿಯಿತು, ದಾರಿಗ ಹೊರಗಾದ.

ಬಂಗಲೆ ಮತ್ತು ರೈಲು

ಕಂಪನಿ ಸರಕಾರ ಟಪ್ಪಾಲಿನ ದಾರಿಗಳಲ್ಲಿ ಡಾಕ್ ಬಂಗಲೆಗಳನ್ನು ಕಟ್ಟಿತು. ಒಬ್ಬ ಖಾನಸಾಮ, ನಾಲ್ಕು ಕುರ್ಚಿ, ಒಂದು ಹಾಸಿಗೆ, ಬಂದವರು ಹೆಸರು ಬರೆಯುವ ಪುಸ್ತಕ—ಇಷ್ಟೇ ಅದರ ವೈಭವ. ಇಪ್ಪತ್ತುನಾಲ್ಕು ಗಂಟೆ ಇದ್ದವನು, ಹೊಸಬ ಬಂದರೆ ಜಾಗ ಬಿಡಬೇಕೆಂಬ ನಿಯಮವಿತ್ತು. ನಮ್ಮಲ್ಲಿ ಅವು ಟಿ.ಬಿ., ಐ.ಬಿ., ಪ್ರವಾಸಿ ಮಂದಿರ ಎಂಬ ಹೆಸರುಗಳಿಂದ ತಾಲೂಕು ತಾಲೂಕಿಗೂ ಬಂದವು. ಕೆಲವು ಊರುಗಳಲ್ಲಿ ಟಿ.ಬಿ. ಸರ್ಕಲ್ ಎಂಬ ಹೆಸರು ಈಗಲೂ ಉಂಟು. ಆದರೆ ಈ ಬಂಗಲೆಗಳು ಮುಖ್ಯವಾಗಿ ದೊರೆಗಳಿಗೆ, ಅಧಿಕಾರಿಗಳಿಗೆ. ಗಾಡಿ ಹೊಡೆದುಕೊಂಡು ಬಂದ ರೈತನಿಗೆ ಹೊರಗಿನ ಮರದ ನೆರಳೇ ಗತಿ. 1867ರಲ್ಲಿ ಸರಕಾರ ಸರಾಯಿ ಕಾಯಿದೆಯನ್ನು ತಂದು, ಸರಾಯಿ ನಡೆಸುವವರು ನೋಂದಣಿ ಮಾಡಿಸಬೇಕು, ಜಾಗ ಚೊಕ್ಕಟವಾಗಿಡಬೇಕು ಎಂದಿತು. ಧರ್ಮಕಾರ್ಯವಾಗಿದ್ದ ವಸತಿ ಹೀಗೆ ಸರಕಾರದ ದಫ್ತರಕ್ಕೆ ಸೇರಿತು.

1858ರಲ್ಲಿ ಪುಣೆಗೆ ರೈಲು ಬಂತು. ಅದೇ ಶತಮಾನದ ಕೊನೆಯ ವೇಳೆಗೆ ಸದರ್ನ್ ಮರಾಠಾ ರೈಲ್ವೆ ಸಾತಾರೆ, ಮಿರಜೆ, ಬೆಳಗಾವಿ, ಲೋಂಡಾಗಳ ಮಾರ್ಗವಾಗಿ ಪುಣೆಯನ್ನು ಕನ್ನಡ ನಾಡಿಗೆ ಜೋಡಿಸಿತು. ನಮ್ಮ ಹಿರಿಯರು ಬಂದದ್ದು ಈ ದಾರಿಯಿಂದಲೇ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ. ಅದಕ್ಕೆ ಮುಂಚೆ ಮುಂಬಯಿ ಪ್ರಾಂತಕ್ಕೆ ಸೇರಿದ ಕನ್ನಡ ಜಿಲ್ಲೆಗಳ ಹುಡುಗರಿಗೆ ಉಚ್ಚ ಶಿಕ್ಷಣವೆಂದರೆ ಪುಣೆ, ಮುಂಬಯಿ. ಆಲೂರ ವೆಂಕಟರಾಯರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು; ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದೂ ಅಲ್ಲಿಯೇ. ಬಡ ಹುಡುಗರು ಬಾಡಿಗೆಯ ಕೋಣೆಯಲ್ಲಿ ನಾಲ್ಕು ಜನ ಕೂಡಿ ಇದ್ದು ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ಅದಕ್ಕೂ ದುಡ್ಡಿಲ್ಲದವರು ವಾರಾನ್ನದ ಮನೆಗಳನ್ನು ಹಿಡಿಯುತ್ತಿದ್ದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ದಕ್ಷಿಣ ಕನ್ನಡದಿಂದ ಬಂದ ಹೋಟೆಲಿನ ಹುಡುಗರಿಗಂತೂ ಕೋಣೆಯ ಮಾತೇ ಇರಲಿಲ್ಲ. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಮೇಜುಗಳನ್ನು ಒರೆಸಿ, ಅವುಗಳ ಮೇಲೆಯೇ ಚಾಪೆ ಬಿಡಿಸುತ್ತಿದ್ದರು. ಪುಣೆ ಮುಂಬಯಿಗಳ ಎಷ್ಟೋ ಕನ್ನಡ ಕುಟುಂಬಗಳ ಮೂಲಪುರುಷನ ಮೊದಲ ವಸತಿಗೃಹ ಆ ಮೇಜು.

ಮುಚ್ಚಿದ ಬಾಗಿಲು

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಸೊಗಸಾಗಿಯೇ ಇರುತ್ತದೆ, ಆದರೆ ಪೂರ್ತಿಯಾಗುವುದಿಲ್ಲ. ಸತ್ರದ ಅನ್ನಕ್ಕೆ ಪಂಕ್ತಿಭೇದವಿತ್ತು. ವಾರಾನ್ನದ ಮನೆ ಜಾತಿ ನೋಡಿಯೇ ಬಾಗಿಲು ತೆರೆಯುತ್ತಿತ್ತು.

ನಾವು ಊರಿಗೆ ಹೋಗುವ ರೈಲು ದಾರಿಯಲ್ಲಿ, ಸಾತಾರೆ ದಾಟಿದ ಮೇಲೆ ಮಸೂರ್ ಎಂಬ ಸಣ್ಣ ನಿಲ್ದಾಣವಿದೆ. 1901ರ ಬೇಸಗೆಯಲ್ಲಿ ಅಲ್ಲಿ ನಾಲ್ಕು ಮಕ್ಕಳು ಒಳ್ಳೆಯ ಬಟ್ಟೆ ತೊಟ್ಟು ಇಳಿದರು. ಬರಗಾಲದ ಕಾಮಗಾರಿಯಲ್ಲಿ ಖಜಾಂಚಿಯಾಗಿದ್ದ ತಂದೆಯನ್ನು ನೋಡಲು ಗೋರೆಗಾಂವಕ್ಕೆ ಹೊರಟ ಆ ಮಕ್ಕಳಲ್ಲಿ ಒಬ್ಬನು ಹತ್ತು ವರ್ಷದ ಭೀಮರಾವ್ ಅಂಬೇಡ್ಕರ್. ಮಹಾರರ ಮಕ್ಕಳೆಂದು ತಿಳಿದೊಡನೆ ಗಾಡಿಯವರು ಹಿಂದೆ ಸರಿದರು. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬನು ಒಪ್ಪಿದ, ಅದೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕೆಂಬ ಕರಾರಿನ ಮೇಲೆ. ಬುತ್ತಿ ಇತ್ತು, ನೀರು ಸಿಗಲಿಲ್ಲ. ಸುಂಕದ ಕಟ್ಟೆಯ ಬಳಿ ಮಕ್ಕಳು ಬಾಯಾರಿ ರಾತ್ರಿ ಕಳೆದರು.

1917ರಲ್ಲಿ ಅದೇ ಅಂಬೇಡ್ಕರ್ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬಡೋದೆ ಸಂಸ್ಥಾನದ ಕೆಲಸಕ್ಕೆ ಸೇರಿದರು. ಹಿಂದೂ ಹೋಟೆಲುಗಳಲ್ಲಿ ಜಾಗ ಸಿಗುವಂತಿರಲಿಲ್ಲ. ಒಂದು ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರಿನಿಂದ ಇಳಿದುಕೊಂಡರು. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತಾರು ಮಂದಿ ಬಡಿಗೆ ಹಿಡಿದು ಬಂದು ಅವರನ್ನು ಹೊರಗೆ ಹಾಕಿದರು. ಈ ಎರಡು ಸಂಗತಿಗಳನ್ನೂ ಅವರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದ ತುಣುಕುಗಳಲ್ಲಿ ಬರೆದಿಟ್ಟಿದ್ದಾರೆ. ಕೆಲವು ವರ್ಷಗಳ ನಂತರ, 1921-22ರಲ್ಲಿ, ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ ಹತ್ತನೆಯ ನಂಬರಿನ ಮನೆಯಲ್ಲಿ ಅವರಿಗೆ ಕೋಣೆ ಸಿಕ್ಕಿತು. ಆ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರಕಾರ ಕೊಂಡು ಸ್ಮಾರಕ ಮಾಡಿದೆ.

ಹಾಗೆಂದು ಲಂಡನ್ನಿನ ಬಾಗಿಲುಗಳೆಲ್ಲ ತೆರೆದೇ ಇದ್ದವೆಂದು ತಿಳಿಯಬೇಕಿಲ್ಲ. 1943ರಲ್ಲಿ ವೆಸ್ಟ್ ಇಂಡೀಸಿನ ಪ್ರಖ್ಯಾತ ಕ್ರಿಕೆಟ್ ಆಟಗಾರ ಲಿಯರಿ ಕಾನ್‌ಸ್ಟಂಟೈನ್ ಲಾರ್ಡ್ಸ್ ಪಂದ್ಯಕ್ಕೆಂದು ಬಂದು ಇಂಪೀರಿಯಲ್ ಹೋಟೆಲಿನಲ್ಲಿ ಕೋಣೆ ಕಾದಿರಿಸಿದ್ದರೂ, ಬಣ್ಣದ ಕಾರಣಕ್ಕೆ ಒಂದು ರಾತ್ರಿಗಿಂತ ಹೆಚ್ಚು ಇರಗೊಡಲಿಲ್ಲ. ಅವರು ನ್ಯಾಯಾಲಯಕ್ಕೆ ಹೋಗಿ 1944ರಲ್ಲಿ ಗೆದ್ದರು. ಬಂದ ಪರಿಹಾರ ಐದೇ ಗಿನಿ. ಗೆದ್ದದ್ದು ಮಾತ್ರ ದೊಡ್ಡದು.

ಹಾಸ್ಟೆಲಿನ ಬೆಳಕು

ಮುಚ್ಚಿದ ಬಾಗಿಲಿಗೆ ಉತ್ತರವಾಗಿ ಹೊಸ ಬಾಗಿಲುಗಳನ್ನು ಕೂರಿಸಿದವರೂ ಉಂಟು. ಕೊಲ್ಲಾಪುರದ ಶಾಹು ಮಹಾರಾಜರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗೆ ವಸತಿಗೃಹ ಕಟ್ಟಿಸಿ, ಮುಂದೆ ಜೈನ, ಲಿಂಗಾಯತ, ಮುಸ್ಲಿಮ್ ಹುಡುಗರಿಗೂ, 1908ರಲ್ಲಿ ಅಸ್ಪೃಶ್ಯ ಹುಡುಗರಿಗೂ ವಸತಿ ಒದಗಿಸಿದರು. ಗಡಿಯ ಈಚೆಯ ಕನ್ನಡ ಮಕ್ಕಳಿಗೂ ಕೊಲ್ಲಾಪುರ ಹತ್ತಿರದ ಊರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರದ ಮಿಷನ್ ಆರಂಭಿಸಿದರು. ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ಇಂಥದೇ ಸಂಸ್ಥೆ ಕಟ್ಟಿ, ಆ ಕೆಲಸವನ್ನು ಪುಣೆಗೂ ತಂದರು. ನಮ್ಮ ಬಾಗಲಕೋಟೆ ಜಿಲ್ಲೆಯ ಮಣ್ಣಿನವರೊಬ್ಬರು ಪುಣೆಗೆ ಕೊಟ್ಟ ದೊಡ್ಡ ಕಾಣಿಕೆ ಇದು. ತುಮಕೂರಿನ ಸಿದ್ಧಗಂಗಾ ಮಠವಂತೂ ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆಗಳನ್ನು ಒಟ್ಟಿಗೆ ಕೊಡುತ್ತ ಬಂದಿದೆ.

ಅತ್ತ ಜರ್ಮನಿಯಲ್ಲಿ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮಾಸ್ತರನು 1909ರಲ್ಲಿ ಮಕ್ಕಳನ್ನು ಕರೆದುಕೊಂಡು ನಡೆಯುತ್ತಿದ್ದಾಗ ಮಳೆ ಗುಡುಗಿಗೆ ಸಿಕ್ಕಿ, ಒಂದು ಶಾಲೆಯ ಕಟ್ಟಡದಲ್ಲಿ ರಾತ್ರಿ ಕಳೆದನಂತೆ. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳಲ್ಲಿ ಮಕ್ಕಳೇಕೆ ತಂಗಬಾರದೆಂಬ ಯೋಚನೆ ಅವನಿಗೆ ಹೊಳೆಯಿತು. 1912ರಲ್ಲಿ ಆಲ್ಟೆನಾದ ಹಳೆಯ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲು ತೆರೆಯಿತು. ನಮ್ಮ ಮಕ್ಕಳು ಇಂದು ಯೂರೋಪಿಗೆ ಹೋದಾಗ ಕಡಿಮೆ ಖರ್ಚಿನಲ್ಲಿ ಇಳಿದುಕೊಳ್ಳುವ ಹಾಸ್ಟೆಲುಗಳು ಆ ಮಾಸ್ತರನ ಮೊಮ್ಮಕ್ಕಳು. ಮನೆಯ ಒಂದು ಕೋಣೆ ಬಿಟ್ಟುಕೊಟ್ಟು ಬೆಳಗಿನ ತಿಂಡಿ ಕೊಡುವ ಇಂಗ್ಲೆಂಡಿನ ಪದ್ಧತಿ ಮತ್ತು ನಮ್ಮ ಖಾನಾವಳಿ—ಇವೆರಡರ ನಡುವಿನ ಕೂಸು ಖರಾಡಿಯ ಪಿ.ಜಿ. ಎನ್ನಬಹುದು.

ಈಗ ಕೇಳುವವರು ಯಾರು?

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ, ಧರ್ಮ, ಜಾತಿಗಳ ಕಾರಣಕ್ಕೆ ಯಾರನ್ನೂ ಹೋಟೆಲಿನಿಂದ ತಡೆಯಕೂಡದೆಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು ಹೆಸರು ಹಿಡಿದೇ ಸೇರಿಸಿತು. ಮಸೂರಿನ ಮಕ್ಕಳ ಬಾಯಾರಿಕೆಗೆ ಕಾಯಿದೆ ಉತ್ತರ ಕೊಟ್ಟದ್ದು ಐವತ್ತು ವರ್ಷಗಳ ಮೇಲೆ.

ಆದರೆ ಬಾಡಿಗೆಯ ಕೋಣೆಯ ಬಾಗಿಲಲ್ಲಿ ಮೆಲ್ಲನೆ ನಡೆಯುವ ವಿಚಾರಣೆಗೆ ಸಾಕ್ಷಿ ಯಾರು? "ಅಡ್ಡಹೆಸರೇನು? ಮಾಂಸ ತಿನ್ನುತ್ತೀರಾ? ಯಾವ ಪೈಕಿ?" ಎಂಬ ಪ್ರಶ್ನೆಗಳು ಇಂದಿಗೂ ನಿಂತಿಲ್ಲ. ಪರಭಾಷೆಯವರೆಂದು ಒಂದು ಕಾಲಕ್ಕೆ ನಮ್ಮವರೂ ಈ ಪೇಟೆಯಲ್ಲಿ ಮನೆ ಸಿಗದೆ ಅಲೆದವರೇ. ಇಂದು ನಮ್ಮಲ್ಲಿ ಹಲವರು ಖರಾಡಿ, ವಡಗಾಂವಶೇರಿಗಳಲ್ಲಿ ಸ್ವಂತ ಫ್ಲ್ಯಾಟ್ ಮಾಡಿದ್ದಾರೆ, ಕೆಲವರು ಎರಡನೆಯದನ್ನು ಬಾಡಿಗೆಗೂ ಕೊಟ್ಟಿದ್ದಾರೆ. ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದವರು ಈಗ ಪ್ರಶ್ನೆ ಕೇಳುವ ಸ್ಥಾನಕ್ಕೆ ಬಂದಿದ್ದೇವೆ. ಬಾಡಿಗೆ ಸರಿಯಾಗಿ ಕೊಡುವನೇ, ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವನೇ ಎಂದು ವಿಚಾರಿಸುವುದು ಯಜಮಾನನ ಹಕ್ಕು. ಅದರಾಚೆಯ ಪ್ರಶ್ನೆ ನಾಲಿಗೆಯ ತುದಿಗೆ ಬಂದಾಗ ಮೇಜಿನ ಮೇಲೆ ಚಾಪೆ ಹಾಸಿದ ಅಜ್ಜನನ್ನು ಒಮ್ಮೆ ನೆನೆದರೆ ಸಾಕು.

ಸಂಘದಿಂದ ಆಗಬಹುದಾದ ಸಣ್ಣ ಕೆಲಸವೂ ಒಂದಿದೆ. ಊರಿನಿಂದ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ, ಪಿ.ಜಿ. ಸಿಗುವ ತನಕ ಮೂರು ನಾಲ್ಕು ದಿನ ಇಳಿದುಕೊಳ್ಳಲು ಒಪ್ಪುವ ಮನೆಗಳ ಪಟ್ಟಿಯೊಂದನ್ನು ಇಟ್ಟರೆ ಹೇಗೆ? ಬಂದವರ ಜಾತಿ ಕೇಳದ ಮನೆಗಳ ಪಟ್ಟಿ ಅದಾಗಿರಬೇಕು. ಬಳ್ಳಿಗಾವೆಯ ಮಠದಷ್ಟು ದೊಡ್ಡ ದತ್ತಿ ನಮ್ಮಲ್ಲಿಲ್ಲ ನಿಜ. ಒಂದು ಚಾಪೆ, ಒಂದು ತಂಬಿಗೆ ನೀರು ಎಲ್ಲರ ಮನೆಯಲ್ಲಿಯೂ ಇವೆ.